ಸದ್ದಿಲ್ಲದ ಪ್ರಾಣಿಗೆ ಹತ್ತು ನಿಮಿಷ

ಮುಳ್ಳೇರಿಯ ಬಸ್‌ಸ್ಟ್ಯಾಂಡಿನ ಎದುರು, ಮೇಲಂತಸ್ತು.
ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದೇವೆ
ಹೊರಗಿನ ಗಲಾಟೆ ಒಳಗೆ ಬರಬಾರದೆಂದು.
ಒಂದು ಮೈಕು, ಪ್ರಸಾರದ ಹೊತ್ತಿಗೆ ನಿಲ್ಲಿಸಬೇಕಾದ ಒಂದು ಫ್ಯಾನು,
ಮತ್ತೆ ಬೆವರುತ್ತ ನಾನು.

ಹಕ್ಕಿಗಳದ್ದು ಸುಲಭ.
ಮಡಿವಾಳ ತಾನೇ ಬಂದು ಹಾಡಿ ಹೋಗುತ್ತದೆ,
ಮಂಗಟ್ಟೆಯ ರೆಕ್ಕೆಗೆ ರೈಲಿನ ಸದ್ದು ಉಂಟು,
ಕಪ್ಪೆಗಳನ್ನಂತೂ ಸುಮ್ಮನಾಗಿಸುವುದೇ ಕಷ್ಟ.
ಈ ವಾರ ಪಯಸ್ವಿನಿಯ ಆಮೆ.
ಮಲಯಾಳದಲ್ಲಿ ಪಾಲಪ್ಪೂವನ್, ತುಳುವಿನಲ್ಲಿ ಬರೀ ಏಮೆ;
ಮದುವೆಮನೆಯ ಹರಿವಾಣದಷ್ಟು ಅಗಲ, ಮೆತ್ತನೆ ಚಿಪ್ಪು,
ಹಗಲೆಲ್ಲ ಮರಳಲ್ಲಿ ಹೂತು
ಮೂಗಿನ ತುದಿ ಮಾತ್ರ ಎಂದಾದರೊಮ್ಮೆ ಎತ್ತುವ ಜೀವ.
ಮೂರು ದಿನ ದಡದಲ್ಲಿ ಕೂತೆ.
ಸಿಕ್ಕಿದ್ದು ಒಂದೇ ಒಂದು ಉಸಿರು:
ಕಾದ ದೋಸೆಕಲ್ಲಿಗೆ ನೀರು ಚಿಮುಕಿಸಿದರೆ ಬರುವುದಕ್ಕಿಂತ ಸಣ್ಣದು.

ಅದನ್ನೇ ಹಾಕಿದೆ,
ಹಿಂದೆ ಮುಂದೆ ಹೊಳೆಯ ಮೌನ ಸೇರಿ ನಲವತ್ತು ಸೆಕೆಂಡು.
ಫೋನು ಬಂತು.
"ನಿಮ್ಮ ರೇಡಿಯೊ ಹಾಳಾಯಿತೋ?"
"ಅಕ್ಕ, ಕರೆಂಟು ಹೋಯಿತಾ ಅಲ್ಲಿ?"
ಹೆಸರು ಹೇಳದ ಒಬ್ಬರು ಮಾತ್ರ:
"ಅದು ಉಸಿರೋ? ಇನ್ನೊಮ್ಮೆ ಹಾಕಿ."

ಒಂದು ತಪ್ಪೂ ಮಾಡಿದೆ.
ಹೊಳೆ ತಿರುಗುವ ಆ ಜಾಗದ ಹೆಸರು ಹೇಳಿಬಿಟ್ಟೆ,
ಕಡವು, ಪಕ್ಕದ ಪುನರ್ಪುಳಿ ಮರ ಸಮೇತ.
ಭಾನುವಾರ ಹದಿನೇಳು ಬೈಕು,
ಬಿರಿಯಾನಿಯ ಪೊಟ್ಟಣ, ಮೊಬೈಲು ಎತ್ತಿದ ಕೈಗಳು.
ಕೋಲಿನಿಂದ ಮರಳು ಕೆದಕುತ್ತಿದ್ದ ಹುಡುಗನೊಬ್ಬ
"ನಿಮ್ಮ ಪ್ರೋಗ್ರಾಮು ಕೇಳಿಯೇ ಬಂದದ್ದು ಅಕ್ಕ" ಎಂದ, ಸಂತೋಷದಿಂದ.
ಮುಖದಲ್ಲಿ ಕೇಡಿರಲಿಲ್ಲ.
ನನಗೆ ಹೆದರಿಕೆಯಾದದ್ದು ಅದಕ್ಕೇ.

ಈಗ ಜಾಗ ಹೇಳುವುದಿಲ್ಲ.
"ನಮ್ಮ ಹೊಳೆಯಲ್ಲಿ, ಎಲ್ಲೋ ಒಂದು ಕಡೆ" ಎನ್ನುತ್ತೇನೆ,
ಕೇಳಿದವರು ತಂತಮ್ಮ ಕಡವನ್ನೇ ನೋಡಿಕೊಳ್ಳಲಿ ಎಂದು.

ಜನವರಿಯ ಕೊನೆಗೆ ಚನಿಯಪ್ಪ ನಾಯ್ಕರು ಮೆಟ್ಟಿಲು ಹತ್ತಿ ಬಂದರು,
ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವವರು.
ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು.
"ನಾಡಿದ್ದು ಹಲಗೆ ಹಾಕಬೇಕು.
ಗದ್ದೆಯವರಿಗೆ ನೀರು ಬೇಕು, ಅದು ತಪ್ಪಲ್ಲ.
ನೀರೇರಿದರೆ ಮರಳದಿಬ್ಬ ಮುಳುಗುತ್ತದೆ.
ಮೂವತ್ತು ವರ್ಷದಲ್ಲಿ ಎಷ್ಟು ಮುಳುಗಿಸಿದ್ದೇನೋ,
ಯಾರೂ ಹೇಳಿರಲಿಲ್ಲ ನನಗೆ."
ನಿಂತ ಫ್ಯಾನನ್ನೇ ಸ್ವಲ್ಪ ಹೊತ್ತು ನೋಡಿದರು.
"ಇನ್ನೊಮ್ಮೆ ಹಾಕಿ ಎಂದವ ನಾನೇ."

ಫಾರೆಸ್ಟಿನ ರಜೀಶನಿಗೆ ಫೋನು ಮಾಡಿದೆ.
ಮೊಟ್ಟೆ ಒಯ್ಯುವುದು ಯಾವುದರಲ್ಲಿ ಎಂದು ಆತ ಕೇಳಿದಾಗ
ನಾವಿಬ್ಬರೂ ಒಟ್ಟಿಗೇ ಗೋಡೆಯ ಕಡೆ ತಿರುಗಿದೆವು.
ಅಂಟು ಗಟ್ಟಿಯಿತ್ತು; ಸುಣ್ಣದ ಹೊಪ್ಪಳೆ ಸಹಿತ ಬಂತು ಟ್ರೇ.

ಮಗುಚಬಾರದು, ಮೇಲಿದ್ದದ್ದು ಮೇಲೆಯೇ ಇರಬೇಕು
ಎಂದು ಪುಸ್ತಕ ನೋಡಿ ಓದಿದವಳು ನಾನು;
ಮರಳಿಗೆ ಕೈ ಹಾಕುವಾಗ ನನಗೇ ಮರೆತಿತ್ತು.
ನಾಯ್ಕರು ಕಿವಿಯ ಮೇಲಿನ ಪೆನ್ಸಿಲು ತೆಗೆದು
ಒಂದೊಂದರ ನೆತ್ತಿಗೂ ಬೊಟ್ಟು ಇಟ್ಟರು,
ತೊಟ್ಟಿಲಿಗೆ ಹಾಕುವ ಮೊದಲು ಮಗುವಿಗೆ ಇಡುವಂತೆ.
ಇಪ್ಪತ್ತೆಂಟು. ಎರಡು ಗುಳಿ ಖಾಲಿ.
ನೀರು ಏರದ ಎತ್ತರದಲ್ಲಿ ಹೊಸ ಗುಂಡಿ.
ಮರುದಿನ ಹಲಗೆ ಇಳಿಯಿತು, ಹೇಳಿದ ಹೊತ್ತಿಗೆ.

ಗೋಡೆಯಲ್ಲೀಗ ಒಂದು ಚೌಕ ಬೋಳು.
ಅಲ್ಲಿಂದಲೇ ಇರಬೇಕು, ಹಾರನ್ನು ಒಳಗೆ ಬರುತ್ತದೆ,
ಕೆಳಗಿನ ಹೋಟೆಲಿನ ಗ್ಲಾಸುಗಳು ಬರುತ್ತವೆ.
ಕೇಳುಗರೇ, ಕ್ಷಮಿಸಿ.
ಎಷ್ಟು ಒಡೆದವೆಂದು ಒಡೆದ ದಿನ ಹೇಳುತ್ತೇನೆ,
ಎಲ್ಲಿ ಎಂದು ಮಾತ್ರ ಕೇಳಬೇಡಿ
ಎನ್ನುವಾಗಲೇ ಕಂಡಕ್ಟರು ಶುರುಮಾಡುತ್ತಾನೆ, ನನ್ನ ಮೈಕಿನೊಳಕ್ಕೇ,
ಕುಂಟಾರು, ಅಡೂರು, ದೇಲಂಪಾಡಿ, ಜಾಲ್ಸೂರು,
ದಾರಿಯ ಊರುಗಳ ಹೆಸರೆಲ್ಲ,
ಒಂದನ್ನೂ ಬಿಡದೆ.